ಹಾಜರಿ ಕರೆಯುವಾಗ ತಲೆಯೆತ್ತಿ ನೋಡಿದವರು



ಈ ಸಲ ನಮ್ಮ ಯುವ ಸಂಘಟನೆಯ ಮಾಸಿಕ ಸಭೆ ಮಳೆಯಿಂದಾಗಿ ತಡವಾಯಿತು. ಅರ್ಧಕ್ಕರ್ಧ ಜನ ಇನ್ನೂ ಬಸ್ಸಿಗೆ ಕಾಯುತ್ತಿದ್ದರು. ಬಂದವರು ಮೊಬೈಲ್ ನೋಡುತ್ತಾ ಕೂರುವುದು ಬೇಡವೆಂದು ನಾವೇ ಒಂದು ಪ್ರಶ್ನೆ ಹಾಕಿಕೊಂಡೆವು. ಶಾಲೆಗೆ ಹೋಗಿದ್ದ ದಿನಗಳಿಂದ ಯಾವ ಟೀಚರ್ ಇಂದಿಗೂ ನೆನಪಿದ್ದಾರೆ? ಯಾಕೆ? ಹತ್ತು ನಿಮಿಷದ ಕಾಲಹರಣಕ್ಕೆಂದು ಕೇಳಿದ ಪ್ರಶ್ನೆ ಸಭೆಯ ಇಡೀ ಸಮಯವನ್ನೇ ನುಂಗಿತು. ಅಲ್ಲಿ ಬಂದ ಮಾತುಗಳನ್ನೂ, ಆಮೇಲೆ ನಮ್ಮನ್ನು ಕಾಡಿದ ಒಂದು ಸಂಗತಿಯನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಬ್ಬಳು ಕನ್ನಡಕದ ಕತೆ ಹೇಳಿದಳು. ಐದನೇ ತರಗತಿಯಲ್ಲಿ ಅವಳು ಬೋರ್ಡ್ ನೋಡುವ ಬದಲು ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳಂತೆ. ಎಲ್ಲರೂ ಅದನ್ನು ಸೋಮಾರಿತನ ಎಂದುಕೊಂಡಿದ್ದರು. ಒಬ್ಬ ಟೀಚರ್ ಮಾತ್ರ ಅವಳನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿ, ಎರಡು ದಿನ ಗಮನಿಸಿ, ಮಗಳ ಕಣ್ಣು ಪರೀಕ್ಷೆ ಮಾಡಿಸಿ ಎಂದು ಮನೆಗೆ ಚೀಟಿ ಕಳುಹಿಸಿದರು. ಇನ್ನೊಬ್ಬನ ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು. ಬೆಳಗಿನ ನಾಲ್ಕು ಗಂಟೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಅಪ್ಪನ ಜೊತೆ ತೋಟಕ್ಕೆ ಹೋಗಿ ಬರುತ್ತಿದ್ದ ಹುಡುಗ ಮೊದಲ ಪಿರಿಯಡ್‌ನಲ್ಲಿ ತೂಕಡಿಸುತ್ತಿದ್ದ. ಎಬ್ಬಿಸಿ ಹೊರಗೆ ನಿಲ್ಲಿಸಿದವರು ಹಲವರು. ಯಾಕೆ ನಿದ್ದೆ ಬರುತ್ತದೆ ಎಂದು ಪಕ್ಕಕ್ಕೆ ಕರೆದು ಕೇಳಿದವರು ಒಬ್ಬರೇ ಮಾಷ್ಟ್ರು. ಮೂರನೆಯವಳ ಅಮ್ಮ ಒಂದು ವಾರ ಆಸ್ಪತ್ರೆಯಲ್ಲಿದ್ದಾಗ, ಕೂದಲು ಕೆದರಿಕೊಂಡು ಶಾಲೆಗೆ ಬಂದ ಅವಳಿಗೆ ದಿನವೂ ಸ್ಟಾಫ್ ರೂಮಿನ ಬಾಗಿಲಲ್ಲಿ ತಲೆ ಬಾಚಿ ಜಡೆ ಹಾಕಿದ ಟೀಚರ್ ಒಬ್ಬರಿದ್ದರು. ಅವರು ಏನನ್ನೂ ಕೆದಕಿ ಕೇಳಲಿಲ್ಲವಂತೆ.

ಹೀಗೆ ಹನ್ನೆರಡು ಮಂದಿ ಹೇಳಿದರು. ಅವರಲ್ಲಿ ಒಬ್ಬರೂ ಪಾಠದ ಹೆಸರು ಹೇಳಲಿಲ್ಲ, ಅಂಕದ ಮಾತು ಎತ್ತಲಿಲ್ಲ. ತಮ್ಮಲ್ಲಿ ಏನೋ ಸರಿಯಿಲ್ಲ ಎಂದು ಕಂಡುಹಿಡಿದವರನ್ನೇ ಎಲ್ಲರೂ ನೆನಪಿಟ್ಟುಕೊಂಡಿದ್ದರು.

ಹದಿಮೂರನೆಯ ಸರದಿ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ಹುಡುಗನದು. ಅವನ ಹೆಸರು ಇಲ್ಲಿ ಬೇಡ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಅಂಥವರು ಯಾರೂ ಸಿಗಲಿಲ್ಲ, ನನ್ನನ್ನು ಯಾರೂ ಕೇಳಲಿಲ್ಲ" ಎಂದ. ಯಾರ ಮೇಲೂ ಸಿಟ್ಟಿರಲಿಲ್ಲ. ನಾಳೆ ಬಸ್ಸಿಲ್ಲ ಎನ್ನುವ ಹಾಗೆ ಹೇಳಿದ.

ಅವನ ಕತೆ ನಮ್ಮಲ್ಲಿ ಹಲವರಿಗೆ ತುಂಡು ತುಂಡಾಗಿ ಗೊತ್ತಿತ್ತು. ಪೂರ್ತಿಯಾಗಿ ಕೇಳಿದ್ದು ಅಂದೇ. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ. ಕಾಸರಗೋಡಿನ ನಮ್ಮೆಲ್ಲರ ಬದುಕು ಹೀಗೆಯೇ. ಅವನೂ ಕನ್ನಡ ಮಾಧ್ಯಮದಲ್ಲೇ ಓದಿದ. ಎಂಟನೇ ತರಗತಿಗೆ ಬಂದಾಗ ಗಣಿತಕ್ಕೆ ಹೊಸಬರು ಬಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಒಳ್ಳೆಯ ಮನುಷ್ಯರೇ. ದೂರದ ಜಿಲ್ಲೆಯಿಂದ ಬಂದು, ಬಾಡಿಗೆ ಕೋಣೆಯಲ್ಲಿ ಉಳಿದು, ಬೋರ್ಡ್ ತುಂಬಾ ಲೆಕ್ಕ ಬಿಡಿಸಿ, ಮಲಯಾಳದಲ್ಲಿ ವಿವರಿಸಿ, ಕೊನೆಗೆ ಮಕ್ಕಳ ಮುಖ ನೋಡಿ ನಗುತ್ತಿದ್ದರು. ಮಕ್ಕಳೂ ನಗುತ್ತಿದ್ದರು. ಬೋರ್ಡಿನಲ್ಲಿದ್ದದ್ದು ಪುಸ್ತಕಕ್ಕೆ ಇಳಿಯುತ್ತಿತ್ತು. ಪ್ರಶ್ನೆ ಕೇಳಬೇಕಾದರೆ ಯಾವ ಭಾಷೆಯಲ್ಲಿ ಕೇಳುವುದು ಎಂದು ಯೋಚಿಸಿ ಯೋಚಿಸಿ ಇವನು ಕೇಳುವುದನ್ನೇ ಬಿಟ್ಟ. ಹೇಗೋ ಎಸ್ಸೆಸೆಲ್ಸಿ ದಾಟಿದ. ಪ್ಲಸ್ ವನ್‌ಗೆ ಬೇರೆ ಶಾಲೆ ಸೇರಿದ. ಅಲ್ಲಿ ಎಲ್ಲವೂ ಇಂಗ್ಲಿಷ್ ಮತ್ತು ಮಲಯಾಳ. ಮಳೆಗಾಲದಲ್ಲಿ ಜ್ವರ ಬಂದು ಹತ್ತು ದಿನ ತಪ್ಪಿಸಿದ. ಹನ್ನೊಂದನೇ ದಿನ ಹೋದಾಗ ಅವನು ಇರಲಿಲ್ಲವೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಹನ್ನೆರಡನೇ ದಿನ ಅವನು ಹೋಗಲಿಲ್ಲ. ಈಗ ಕೇಟರಿಂಗಿನವರ ಜೊತೆ ಮದುವೆ ಮನೆಗಳಲ್ಲಿ ಬಡಿಸುವ ಕೆಲಸ ಮಾಡುತ್ತಾನೆ.

ಆ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ಅವನಿಗೆ ಓದುವ ಮನಸ್ಸಿತ್ತು, ಅದು ಯಾರಿಗೂ ಕಾಣಿಸದೆ ಹೋಯಿತು. ನಮ್ಮನ್ನು ಕಾಡಿದ್ದು ಅದು.

ಇದರಿಂದ ನಮಗೆ ಅನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇವೆ. ಶಿಕ್ಷಕರ ಕಾಳಜಿಯನ್ನು ನಾವು ಒಬ್ಬೊಬ್ಬರ ಸ್ವಭಾವದ ವಿಷಯ ಎಂದುಕೊಂಡಿದ್ದೇವೆ. ಒಳ್ಳೆಯ ಟೀಚರ್ ಸಿಕ್ಕಿದರೆ ಪುಣ್ಯ, ಸಿಗದಿದ್ದರೆ ಹಣೆಬರಹ ಎನ್ನುತ್ತೇವೆ. ಆದರೆ ಮಗುವನ್ನು ಗಮನಿಸುವುದು ಪಾಠ ಮಾಡುವಷ್ಟೇ ದೊಡ್ಡ ಕೆಲಸ. ಅದಕ್ಕೆ ಸಮಯ ಬೇಕು, ಮಗುವಿನ ಭಾಷೆ ಬೇಕು, ಒಂದೇ ಕಡೆ ಕೆಲವು ವರ್ಷ ಉಳಿಯುವ ಅವಕಾಶ ಬೇಕು. ಇವುಗಳನ್ನು ಶಿಕ್ಷಕರಿಗೆ ಒದಗಿಸುವುದು ಸರಕಾರದ ಹೊಣೆ. ಶಿಕ್ಷಕರ ಕಣ್ಣಿಗೆ ಬೀಳದೆ ಹೋದ ಮಗುವನ್ನು ಹುಡುಕಿಕೊಂಡು ಹೋಗುವುದು ನಮ್ಮಂಥ ಧರ್ಮಕೇಂದ್ರಗಳ ಹೊಣೆ. ಈ ಎರಡನೆಯ ಹೊಣೆಯಲ್ಲಿ ನಾವು ಸೋತಿದ್ದೇವೆ.

ಗಮನಿಸುವುದು ಕೆಲಸ ಎಂಬ ಮಾತು ಹೊಸದಲ್ಲ. ಮುನ್ನೂರು ವರ್ಷಗಳ ಹಿಂದೆಯೇ ಫ್ರಾನ್ಸಿನಲ್ಲಿ ಒಬ್ಬರು ಅದನ್ನು ಪದ್ಧತಿಯಾಗಿ ಮಾಡಿದ್ದರು. ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ 1651ರಲ್ಲಿ ರೀಮ್ಸ್ ನಗರದ ಶ್ರೀಮಂತ ಮನೆಯಲ್ಲಿ ಹುಟ್ಟಿದವರು. ಗುರುವಾದ ಮೇಲೆ ಬಡ ಮಕ್ಕಳ ಶಾಲೆಗಳಿಗಾಗಿ ಶಿಕ್ಷಕರನ್ನು ಒಟ್ಟುಗೂಡಿಸಿ, ತಮ್ಮ ಆಸ್ತಿಯನ್ನು ಕ್ಷಾಮದ ಕಾಲದಲ್ಲಿ ಬಡವರಿಗೆ ಹಂಚಿದರು. 1950ರಲ್ಲಿ ಹನ್ನೆರಡನೇ ಪೋಪ್ ಪಿಯುಸ್ ಅವರನ್ನು ಶಿಕ್ಷಕರೆಲ್ಲರ ಪಾಲಕ ಸಂತರೆಂದು ಘೋಷಿಸಿದರು. ಅವರ ಹೆಸರಿನ ಶಾಲೆಗಳು ಇಂದು ಜಗತ್ತಿನ ಎಷ್ಟೋ ದೇಶಗಳಲ್ಲಿವೆ.

ಅವರ ಎರಡು ಕೆಲಸಗಳು ಕಾಸರಗೋಡಿನ ನಮಗೆ ತೀರಾ ಹತ್ತಿರದವು. ಆ ಕಾಲದಲ್ಲಿ ಮಕ್ಕಳಿಗೆ ಮೊದಲು ಲ್ಯಾಟಿನ್ ಓದಲು ಕಲಿಸುವುದು ರೂಢಿ. ಮನೆಯಲ್ಲಿ ಯಾರೂ ಆಡದ ಭಾಷೆ. ಬಡವರ ಮಕ್ಕಳು ಒಂದೆರಡು ವರ್ಷ ಶಾಲೆಗೆ ಬಂದು, ಏನೂ ಅರ್ಥವಾಗದೆ, ದುಡಿಮೆಗೆ ಹೋಗಿಬಿಡುತ್ತಿದ್ದರು. ದ ಲಾ ಸಾಲ್ ತಮ್ಮ ಶಾಲೆಗಳಲ್ಲಿ ಫ್ರೆಂಚ್ ಓದುವುದನ್ನೇ ಮೊದಲು ಕಲಿಸಿದರು. ಮಗುವಿಗೆ ತಿಳಿಯುವ ಭಾಷೆಯಲ್ಲಿ ಕಲಿಸುವುದು ಅವರಿಗೆ ಕಾಳಜಿಯ ಮೊದಲ ಮೆಟ್ಟಿಲಾಗಿತ್ತು.

ಎರಡನೆಯದು ಇನ್ನೂ ಸ್ವಾರಸ್ಯಕರ. ಅವರ ಶಾಲೆಗಳನ್ನು ನಡೆಸುವ ಕ್ರಮವನ್ನು ವಿವರಿಸುವ ಪುಸ್ತಕ 1720ರಲ್ಲಿ ಅಚ್ಚಾಯಿತು. ಪ್ರತಿ ಮಗುವಿನ ಸ್ವಭಾವ, ಒಳ್ಳೆಯ ಗುಣ, ಕೊರತೆಗಳನ್ನು ಶಿಕ್ಷಕ ಬರೆದಿಡಬೇಕೆಂದು ಅದರಲ್ಲಿ ಹೇಳಿದೆ. ಮಗು ಯಾಕೆ ಗೈರುಹಾಜರಾಗುತ್ತದೆ ಎಂಬುದಕ್ಕೇ ಒಂದು ಭಾಗವಿದೆ. ಅಷ್ಟೇ ಅಲ್ಲ, ತರಗತಿಯ ಮಕ್ಕಳಿಗೆ ಒಪ್ಪಿಸುವ ಕೆಲಸಗಳ ಪಟ್ಟಿಯಲ್ಲಿ, ಬಾರದವರ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದೂ ಒಂದು. ಶಾಲೆಗೆ ಬಾರದ ಗೆಳೆಯನನ್ನು ಹುಡುಕಿಕೊಂಡು ಹೋಗುವುದಕ್ಕೆ ಮಕ್ಕಳನ್ನೇ ನೇಮಿಸುವುದು! ಇದನ್ನು ಓದಿದಾಗ ನಮ್ಮ ಹಿಂದಿನ ಕುರ್ಚಿಯ ಹುಡುಗನ ಹತ್ತು ದಿನದ ಜ್ವರ ನೆನಪಾಗದೆ ಇರಲಿಲ್ಲ.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಕೆ ಇರಬೇಕೆನ್ನುತ್ತದೆ. ಆದರೂ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬಂದದ್ದು, ಮಕ್ಕಳೂ ಹೆತ್ತವರೂ ಶಾಲೆಯ ಮುಂದೆ ನಿಂತು ಪ್ರತಿಭಟಿಸಿದ್ದು ನಮ್ಮ ಜಿಲ್ಲೆಯಲ್ಲಿ ಹಲವು ಬಾರಿ ಸುದ್ದಿಯಾಗಿದೆ.

ಇದನ್ನು ಸಾಮಾನ್ಯವಾಗಿ ಭಾಷೆಯ ಹೋರಾಟ ಎಂದು ಕರೆಯುತ್ತಾರೆ. ಕನ್ನಡ ಉಳಿಯಬೇಕು, ಹೌದು. ಆದರೆ ತರಗತಿಯೊಳಗೆ ನಡೆಯುವ ನಷ್ಟ ಬೇರೆಯೇ. ಎಂಟನೇ ತರಗತಿಯ ಮಗು ಹೊಟ್ಟೆನೋವು ಎಂದರೆ ಅದು ನಿಜವಾದ ಹೊಟ್ಟೆನೋವೋ, ಮನೆಯಲ್ಲಿ ಬೆಳಿಗ್ಗೆ ತಿಂಡಿ ಆಗಿಲ್ಲವೋ, ಲೆಕ್ಕ ಮಾಡದ್ದಕ್ಕೆ ನೆಪವೋ ಎಂದು ತಿಳಿಯಲು ಆ ಮಗುವಿನ ಮಾತಿನ ಧಾಟಿ ಗೊತ್ತಿರಬೇಕು. ಶಿಕ್ಷಕರ ಪ್ರಶ್ನೆಗೆ ತಲೆ ಅಲ್ಲಾಡಿಸಿದ ಮಗು ಅರ್ಥವಾಗಿ ಅಲ್ಲಾಡಿಸಿತೋ, ಸಾಕು ಬಿಡಿ ಎಂದು ಅಲ್ಲಾಡಿಸಿತೋ ತಿಳಿಯಬೇಕು. ಭಾಷೆ ಬಾರದ ಶಿಕ್ಷಕರಿಗೆ ಎಷ್ಟೇ ಪ್ರೀತಿ ಇದ್ದರೂ ಈ ಬಾಗಿಲು ಮುಚ್ಚಿರುತ್ತದೆ. ಅದರಲ್ಲಿ ಅವರ ತಪ್ಪು ಏನೂ ಇಲ್ಲ. ಅವರನ್ನು ಅಲ್ಲಿಗೆ ಕಳುಹಿಸಿದ ವ್ಯವಸ್ಥೆಯನ್ನೇ ಕೇಳಬೇಕು. ಕನ್ನಡ ತರಗತಿಗೆ ಕನ್ನಡ ಬಲ್ಲ ಶಿಕ್ಷಕರನ್ನೇ ಕೊಡಿ ಎಂಬ ಬೇಡಿಕೆಯನ್ನು ನಾವು ಪೂರ್ತಿಯಾಗಿ ಬೆಂಬಲಿಸುತ್ತೇವೆ.

ಭಾಷೆಯ ಜೊತೆಗೆ ಬೇಕಾದದ್ದು ಸಮಯ. ಅಮೆರಿಕದ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಗುರುತಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಕೈ ಎತ್ತುವುದು ಮೊದಲ ಬೆಂಚಿನವರು ಮಾತ್ರ. ಮೂರು ಸೆಕೆಂಡು ಕಾದು ನೋಡಿದ ಕಡೆ ಹೆಚ್ಚು ಮಕ್ಕಳು ಉತ್ತರಿಸಿದರು, ಉತ್ತರಗಳು ಉದ್ದವಾದವು, ಹಿಂದುಳಿದವರು ಎಂದುಕೊಂಡಿದ್ದ ಮಕ್ಕಳೂ ಬಾಯಿ ಬಿಟ್ಟರು. ಕಾಳಜಿಗೆ ಯಾವಾಗಲೂ ದೊಡ್ಡ ತ್ಯಾಗ ಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನಮಗೆ ಗೊತ್ತಿಲ್ಲ. ಎರಡೇ ಸೆಕೆಂಡಿನ ತಾಳ್ಮೆ ಸಾಕು.

ಆದರೆ ಆ ತಾಳ್ಮೆಯನ್ನು ಶಿಕ್ಷಕರಿಂದ ನಾವೇ ಕಸಿದುಕೊಂಡಿದ್ದೇವೆ. ಪಾಠ ಮುಗಿಸಬೇಕು, ಮಧ್ಯಾಹ್ನದ ಊಟದ ಲೆಕ್ಕ ಬರೆಯಬೇಕು, ಆನ್‌ಲೈನಿನಲ್ಲಿ ಮಾಹಿತಿ ತುಂಬಬೇಕು, ಮೇಳಗಳಿಗೆ ಮಕ್ಕಳನ್ನು ಸಿದ್ಧಪಡಿಸಬೇಕು, ಚುನಾವಣೆ ಬಂದರೆ ಮತಗಟ್ಟೆಗೆ ಹೋಗಬೇಕು. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರು, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬರು ಎನ್ನುತ್ತದೆ ಕಾನೂನು. ಆ ಲೆಕ್ಕ ಸರಿಯಿದ್ದಲ್ಲೂ ದಿನಗೂಲಿ ಆಧಾರದ ಶಿಕ್ಷಕರು ಒಂದು ವರ್ಷ ಇದ್ದು ಮರುವರ್ಷ ಬೇರೆ ಕಡೆ ಹೋಗುತ್ತಾರೆ. ಮಗುವಿನ ಮನೆಯ ಪರಿಸ್ಥಿತಿ ಅರ್ಥವಾಗುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ.

"ಹಿಂದಿನ ಕಾಲದ ಮಾಷ್ಟ್ರುಗಳಿಗೆ ಇದೆಲ್ಲ ಇರಲಿಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಇತ್ತು. ನಮ್ಮ ನಾಡಿನ ದೊಡ್ಡ ಕವಿ, 1915ರಿಂದ 2015ರವರೆಗೆ ಬಾಳಿದ ಕಯ್ಯಾರ ಕಿಞ್ಞಣ್ಣ ರೈಯವರು ಸ್ವಾತಂತ್ರ್ಯ ಹೋರಾಟಗಾರರೂ ಕೃಷಿಕರೂ ಆಗಿದ್ದರೂ ಬದುಕಿನ ಬಹುಭಾಗ ಪೆರಡಾಲದ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಒಂದೇ ಊರಿನಲ್ಲಿ ಅಷ್ಟು ವರ್ಷ ಕಲಿಸಿದವರಿಗೆ ಮಗುವಿನ ಅಪ್ಪನೂ ಗೊತ್ತು, ಮನೆಗೆ ಹೋಗುವ ಗುಡ್ಡದ ದಾರಿಯೂ ಗೊತ್ತು. ಅಂಥವರು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಇದ್ದರು.

ಆದರೆ ಹಿಂದಿನದನ್ನೆಲ್ಲ ಹೊಗಳುವುದೂ ಸರಿಯಲ್ಲ. ನಾಗರಬೆತ್ತದ ಕತೆಗಳನ್ನು ನಮ್ಮ ಅಪ್ಪಂದಿರು ಈಗ ನಗುತ್ತಾ ಹೇಳುತ್ತಾರೆ. ಅದೇ ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟವರು ನಗುತ್ತಾ ಹೇಳುವುದನ್ನು ನಾವು ಕೇಳಿಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅದು ಒಳ್ಳೆಯದೇ ಆಯಿತು. ಹಾಗೆಯೇ ಜಾಣ ಮಕ್ಕಳಿಗೆ ಮಾತ್ರ ಸಿಗುವ ಗಮನವನ್ನು ಕಾಳಜಿ ಎನ್ನಲಾಗದು. ಎ ಪ್ಲಸ್ ತರುವ ಮಗುವಿನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಇನ್ನೊಂದು ಮಾತನ್ನೂ ಸಂಕೋಚವಿಲ್ಲದೆ ಹೇಳಬೇಕು. ನಿಜವಾದ ಕಾಳಜಿ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಮನೆಯವರಿಗೆ ಹೇಳಬೇಡ ಎಂದು ಮಗುವಿಗೆ ಯಾರಾದರೂ ಹೇಳಿದರೆ, ಅವರು ಶಾಲೆಯವರಾಗಲಿ, ಚರ್ಚಿನವರಾಗಲಿ, ಅಲ್ಲಿ ಕಾಳಜಿ ಇಲ್ಲ. ಜಡೆ ಹಾಕಿದ ಆ ಟೀಚರ್ ಸ್ಟಾಫ್ ರೂಮಿನ ಬಾಗಿಲಲ್ಲೇ ಕುಳಿತು ಹಾಕುತ್ತಿದ್ದರು ಎಂಬುದನ್ನು ಗಮನಿಸಿ.

ಅಂಕಗಳಿಲ್ಲದ ಕಡೆ ಕಾಳಜಿ ಹೇಗಿರುತ್ತದೆ ಎಂದು ನೋಡಬೇಕಾದರೆ ನಮ್ಮ ಜಿಲ್ಲೆಯ ಬಡ್ಸ್ ಶಾಲೆಗೆ ಹೋಗಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದಲ್ಲಿ ನಿಂತಿತು. ಆದರೆ ಆ ಹಳ್ಳಿಗಳ ಮನೆಗಳಲ್ಲಿ ಅದರ ನೋವು ನಿಂತಿಲ್ಲ. ನಮ್ಮಲ್ಲಿ ಕೆಲವರು ಕ್ರಿಸ್ಮಸ್ ಹೊತ್ತಿಗೆ ಕೇಕ್ ಹಿಡಿದುಕೊಂಡು ಒಂದು ಬಡ್ಸ್ ಶಾಲೆಗೆ ಹೋಗಿದ್ದೆವು. ಮಾತು ಬಾರದ ಒಬ್ಬ ಹುಡುಗ ಕೈಯನ್ನು ಮೇಜಿಗೆ ಎರಡು ಸಲ ಬಡಿದ. ನಮಗೆ ಅದು ಹಟದಂತೆ ಕಂಡಿತು. ಟೀಚರ್ ತಿರುಗಿಯೂ ನೋಡದೆ ಸಹಾಯಕಿಗೆ, "ಅವನಿಗೆ ನೀರು ಬೇಕಂತೆ" ಎಂದರು. ಆ ಎರಡು ಬಡಿತದ ಅರ್ಥ ತಿಳಿಯಲು ಅವರಿಗೆ ಎಷ್ಟು ತಿಂಗಳು ಹಿಡಿದಿರಬಹುದು? ಆ ಹುಡುಗ ಯಾವ ಪರೀಕ್ಷೆಯನ್ನೂ ಬರೆಯುವುದಿಲ್ಲ. ಅವನ ಟೀಚರಿನ ಕೆಲಸವನ್ನು ಅಳೆಯುವ ಫಲಿತಾಂಶ ಪಟ್ಟಿಯೂ ಇಲ್ಲ.

ಶುಭಸಂದೇಶದಲ್ಲಿ ನಮಗೆಲ್ಲ ಗೊತ್ತಿರುವ ಒಂದು ದೃಶ್ಯವಿದೆ. ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯ ಸಮಾಧಿಯ ಬಳಿ ಅಳುತ್ತಾ ನಿಂತಿದ್ದಾಳೆ. ಎದುರಿಗಿರುವವರು ತೋಟದವರು ಎಂದುಕೊಳ್ಳುತ್ತಾಳೆ. ಯಾಕೆ ಅಳುತ್ತಿದ್ದೀ ಎಂದು ಕೇಳಿದಾಗಲೂ ಗುರುತು ಸಿಗುವುದಿಲ್ಲ. ಹೆಸರು ಹಿಡಿದು ಕರೆದ ಕೂಡಲೇ ತಿರುಗಿ, ರಬ್ಬೂನಿ ಎನ್ನುತ್ತಾಳೆ. ಆ ಮಾತಿಗೆ ಗುರುವೇ ಎಂದರ್ಥ. ಈ ಭಾಗವನ್ನು ನಾವು ಪ್ರತಿ ಪಾಸ್ಖ ಕಾಲದಲ್ಲಿ ಕೇಳುತ್ತೇವೆ. ತನ್ನನ್ನು ಹೆಸರಿನಿಂದ ಬಲ್ಲವರನ್ನು ಅವಳು ಗುರು ಎಂದು ಕರೆದಳು ಎಂಬುದು ನಮ್ಮ ಸಭೆಯ ಮಾತುಗಳ ನಂತರವೇ ನಮಗೆ ಹೊಳೆದದ್ದು.

ಹಾಗಾದರೆ ಆ ಹುಡುಗನನ್ನು ಹೆಸರು ಹಿಡಿದು ಕರೆಯಬೇಕಾದವರು ಶಾಲೆಯವರು ಮಾತ್ರವೇ? ಇಲ್ಲಿ ನಮ್ಮ ತಪ್ಪು ಒಪ್ಪಿಕೊಳ್ಳಬೇಕು. ಪ್ಲಸ್ ವನ್ ಬಿಟ್ಟ ಅದೇ ತಿಂಗಳು ಅವನು ಭಾನುವಾರದ ದೊತೊರ್ನ್ ತರಗತಿಗೂ ಬರುವುದನ್ನು ನಿಲ್ಲಿಸಿದ್ದ. ಸಭೆಯ ನಂತರ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿದೆವು. ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು. ಒಂಬತ್ತು ಭಾನುವಾರ. ಅದನ್ನು ಹಾಕಿದವರು ನಮ್ಮಲ್ಲೇ ಇಬ್ಬರು. ಇಬ್ಬರೂ ಒಳ್ಳೆಯ ಕ್ರೈಸ್ತ ಶಿಕ್ಷಣದ ಟೀಚರುಗಳೆಂದು ಹೆಸರು ಪಡೆದವರು. ಅವನ ಮನೆ ಚರ್ಚಿನಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಗುರುತು ಹಾಕಿದೆವು, ಪುಸ್ತಕ ಮುಚ್ಚಿದೆವು.

ಭಾಷೆ ಬಾರದ ಗಣಿತದ ಮಾಷ್ಟ್ರಿಗೆ ಅವನೊಡನೆ ಮಾತಾಡಲು ಆಗುತ್ತಿರಲಿಲ್ಲ ಎನ್ನಬಹುದು. ನಮಗೆ ಅವನ ನಾಲ್ಕೂ ಭಾಷೆ ಬರುತ್ತಿತ್ತು.

ಅದಕ್ಕೇ ಸಭೆಯ ಕೊನೆಯಲ್ಲಿ ಕೆಲವು ತೀರ್ಮಾನ ಮಾಡಿದ್ದೇವೆ. ಒಂದನೆಯದು, ಮುನ್ನೂರು ವರ್ಷ ಹಳೆಯ ಆ ಕ್ರಮವನ್ನೇ ಎರವಲು ಪಡೆಯುತ್ತೇವೆ. ಕ್ರೈಸ್ತ ಶಿಕ್ಷಣದ ತರಗತಿಗೆ ಸತತ ಎರಡು ಭಾನುವಾರ ಬಾರದ ಮಗುವಿನ ಮನೆಗೆ ಮೂರನೆಯ ಭಾನುವಾರದೊಳಗೆ ಯುವಜನರಲ್ಲಿ ಇಬ್ಬರು ಹೋಗುತ್ತಾರೆ. ಗದರಿಸಲು ಅಲ್ಲ. ಮನೆಯವರ ಜೊತೆ ಕುಳಿತು ಚಹಾ ಕುಡಿದು, ಹೇಗಿದ್ದೀರಿ ಎಂದು ಕೇಳಿ ಬರಲು. ಶಾಲೆಯ ವಿಷಯವೂ ಅಲ್ಲೇ ಬರುತ್ತದೆ.

ಎರಡನೆಯದು ಹೆತ್ತವರಲ್ಲಿ ಒಂದು ವಿನಂತಿ. ಪಿಟಿಎ ಸಭೆಗೆ ಅಂಕ ಕೇಳುವುದಕ್ಕೆ, ಇಲ್ಲವೇ ದೂರು ಹೇಳುವುದಕ್ಕೆ ಮಾತ್ರ ಹೋಗಬೇಡಿ. ಮನೆಯಲ್ಲಿ ಕಾಯಿಲೆ ಇದ್ದರೆ, ಸಾಲದ ಕಷ್ಟ ಇದ್ದರೆ, ಮಗು ರಾತ್ರಿ ನಿದ್ದೆ ಮಾಡುತ್ತಿಲ್ಲವಾದರೆ ಕ್ಲಾಸ್ ಟೀಚರಿಗೆ ಒಂದು ಮಾತು ತಿಳಿಸಿ. ಮಾನ ಹೋಗುತ್ತದೆ ಎಂದು ಮುಚ್ಚಿಟ್ಟರೆ ಆ ಮಗು ತರಗತಿಯಲ್ಲಿ ಸೋಮಾರಿ ಎಂಬ ಹೆಸರು ಹೊರಬೇಕಾಗುತ್ತದೆ.

ಮೂರನೆಯದು, ದೂರದ ಜಿಲ್ಲೆಗಳಿಂದ ಬಂದ ಶಿಕ್ಷಕರ ವಿಷಯ. ನೇಮಕಾತಿಯ ವಿರುದ್ಧ ಮನವಿ ಕೊಡುವುದು ಬೇಕು, ಕೊಡೋಣ. ಅದು ತೀರ್ಮಾನವಾಗುವವರೆಗೆ ಆ ಶಿಕ್ಷಕರು ನಮ್ಮ ಮಕ್ಕಳ ಎದುರೇ ನಿಂತಿರುತ್ತಾರೆ. ಅವರನ್ನು ಹಬ್ಬದ ಊಟಕ್ಕೆ ಕರೆಯೋಣ. ಬೇಕೆಂದರೆ ಸಂಜೆ ಕನ್ನಡ ಹೇಳಿಕೊಡೋಣ. ನಮ್ಮ ಗಣಿತದ ಮಾಷ್ಟ್ರು ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಎರಡು ವರ್ಷ ಕಳೆದರು. ಅವರನ್ನು ಊರಿನವರು ಯಾರಾದರೂ ಮನೆಗೆ ಕರೆದಿದ್ದರೇ ಎಂದು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ.

ನಾಲ್ಕನೆಯದು ನಮ್ಮ ವಯಸ್ಸಿನವರಿಗೇ. ಕನ್ನಡ ಬಲ್ಲ ಶಿಕ್ಷಕರು ಬೇಕು ಎಂದು ಕೂಗುವ ನಾವು ಡಿ.ಎಲ್.ಇಡಿ., ಬಿ.ಇಡಿ. ಎಂದರೆ ಮೂಗು ಮುರಿಯುತ್ತೇವೆ. ನರ್ಸಿಂಗ್, ಗಲ್ಫ್, ಮಂಗಳೂರಿನ ಕಂಪೆನಿ ಎಲ್ಲವೂ ಒಳ್ಳೆಯದೇ. ಆದರೆ ಪ್ರತಿ ವರ್ಷ ಒಬ್ಬಿಬ್ಬರಾದರೂ ಕೆ-ಟೆಟ್ ಬರೆದು, ಪಿಎಸ್‌ಸಿ ಪರೀಕ್ಷೆಗೆ ಕುಳಿತು ಕನ್ನಡ ತರಗತಿಗೆ ಹೋಗುವ ಮನಸ್ಸು ಮಾಡಬೇಕು. ಓದುವ ಖರ್ಚಿನಲ್ಲಿ ನೆರವಾಗುವ ಬಗ್ಗೆ ಫಾದರ್ ಜೊತೆ ಮಾತಾಡಿದ್ದೇವೆ, ಪಾಲನಾ ಮಂಡಳಿಯ ಮುಂದೆ ಇಡುತ್ತೇವೆ.

ಕೊನೆಯದು ಕೃತಜ್ಞತೆ. ಸೆಪ್ಟೆಂಬರ್ 5ರಂದು ಒಂದು ಪೆನ್ನು, ಒಂದು ಹೂವು, ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಫೋಟೋ. ಅದಕ್ಕಿಂತ ಹೆಚ್ಚಿನದು ಅವರಿಗೆ ಸಲ್ಲಬೇಕು. ಅಲ್ಜೀರಿಯಾದಲ್ಲಿ ಹುಟ್ಟಿದ ಫ್ರೆಂಚ್ ಲೇಖಕ ಅಲ್ಬರ್ಟ್ ಕಮೂ ಮಗುವಾಗಿದ್ದಾಗಲೇ ತಂದೆ ಯುದ್ಧದಲ್ಲಿ ತೀರಿಹೋದರು. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಓದಲು ಬರುತ್ತಿರಲಿಲ್ಲ. ಹುಡುಗ ದುಡಿಯಲು ಹೋಗಲಿ ಎಂಬುದು ಅಜ್ಜಿಯ ಆಸೆ. ಪ್ರಾಥಮಿಕ ಶಾಲೆಯ ಮೇಷ್ಟರು ಲೂಯಿ ಜೆರ್ಮೇನ್ ಮನೆಯವರನ್ನು ಒಪ್ಪಿಸಿ, ದುಡ್ಡು ಪಡೆಯದೆ ಹೆಚ್ಚಿನ ಪಾಠ ಹೇಳಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ತಯಾರು ಮಾಡಿದರು. 1957ರಲ್ಲಿ ಕಮೂಗೆ ನೊಬೆಲ್ ಪ್ರಶಸ್ತಿ ಬಂದಾಗ, ತಾಯಿಯ ನಂತರ ಮೊದಲು ನೆನಪಾದವರು ನೀವು ಎಂಬ ಭಾವದಲ್ಲಿ ಆ ಮೇಷ್ಟರಿಗೆ ಕಾಗದ ಬರೆದರು. ನಮಗೆ ನೊಬೆಲ್ ಬರುವವರೆಗೆ ಕಾಯಬೇಕಾಗಿಲ್ಲ.

ಬರುವ ಭಾನುವಾರ ಬೆಳಗಿನ ಪೂಜೆಯ ನಂತರ ಚರ್ಚಿನ ಹಾಲ್‌ನಲ್ಲಿ ಒಂದು ಮೇಜಿನ ಮೇಲೆ ಪೋಸ್ಟ್‌ಕಾರ್ಡುಗಳಿರುತ್ತವೆ. ನಿಮ್ಮನ್ನು ಗಮನಿಸಿದ ಒಬ್ಬ ಟೀಚರಿಗೆ ನಾಲ್ಕು ಸಾಲು ಬರೆಯಿರಿ. ಕನ್ನಡಕದ ಬಗ್ಗೆ, ಜಡೆಯ ಬಗ್ಗೆ, ಏನು ನೆನಪಿದೆಯೋ ಅದನ್ನೇ ಬರೆಯಿರಿ. ವಿಳಾಸ ಗೊತ್ತಿಲ್ಲದಿದ್ದರೆ ಶಾಲೆಯ ಹೆಸರು ಹೇಳಿ, ವಿಚಾರಿಸಿ ತಲುಪಿಸುವ ಕೆಲಸ ನಮ್ಮದು. ಅಜ್ಜ ಅಜ್ಜಿಯಂದಿರಿಗೂ ಬರೆಯಲು ಇರಬಹುದು. ಅವರಿಗೆ ಕಣ್ಣು ಕಾಣಿಸದಿದ್ದರೆ ನೀವು ಬರೆದುಕೊಡಿ.

ಹಿಂದಿನ ಕುರ್ಚಿಯ ಹುಡುಗನ ವಿಷಯ ಹೇಳದೆ ಮುಗಿಸುವುದು ಸರಿಯಲ್ಲ. ಸಭೆಯಾದ ವಾರ ನಮ್ಮಲ್ಲಿ ಮೂವರು ಅವನ ಮನೆಗೆ ಹೋದೆವು. ಒಂಬತ್ತು ಭಾನುವಾರದ ಮಾತನ್ನೂ ಎತ್ತಿ ಕ್ಷಮೆ ಕೇಳಿದೆವು. ಓಪನ್ ಸ್ಕೂಲಿನಲ್ಲಿ ಪ್ಲಸ್ ಟು ಮುಗಿಸಬಹುದು ಎಂದೂ ಹೇಳಿದೆವು. ಅವನು ಹೌದೆಂದೂ ಇಲ್ಲವೆಂದೂ ಹೇಳಲಿಲ್ಲ. ಡಿಸೆಂಬರ್, ಜನವರಿ ಮದುವೆಗಳ ಕಾಲ, ಪುರುಸೊತ್ತಿಲ್ಲ ಎಂದ. ಹೊರಡುವಾಗ ಅವನ ಅಮ್ಮ ಗೇಟಿನವರೆಗೆ ಬಂದು, "ಇನ್ನೊಮ್ಮೆ ಬನ್ನಿ ಮಕ್ಕಳೇ" ಎಂದರು. ಮದುವೆಯ ಕಾಲ ಮುಗಿದ ಮೇಲೆ ಮತ್ತೆ ಹೋಗುತ್ತೇವೆ.